ಚರ್ಚಿನ ಹಿಂದಿನ ಬೇವಿನ ಮರ

ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಅದು ಎಲ್ಲಿದೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ಹೇಳಿಬಿಡುತ್ತೇನೆ ಎಂಬ ಹೆದರಿಕೆ ಅವರಿಗೆ. ಕುರ್ಚಿಯಿಂದ ಏಳದೆ, ಪೇಪರಿನಿಂದ ಕಣ್ಣು ಕೀಳದೆ, "ಅಲ್ಮಾರಿ ಮ್ಯಾಲಿನ ಖಾನೆದಾಗ, ಎಡಕ್ಕ, ನೀಲಿ ಡಬ್ಬಿ ಹಿಂದ ಅದ ನೋಡು" ಎಂದು ನಾನು ಹೇಳುವ ಧಾಟಿಗೆ ಎಂಥವರೂ ನಂಬಬೇಕು. ಇಷ್ಟು ನಿಖರವಾಗಿ ಹೇಳಿದ ಮೇಲೆ ಆ ವಸ್ತು ಅಲ್ಲಿರುವುದು ನ್ಯಾಯ. ಆದರೆ ವಸ್ತುಗಳಿಗೆ ನ್ಯಾಯ ತಿಳಿಯದು. ಹೆಂಡತಿ ನೀಲಮ್ಮ ಮದುವೆಯಾದ ಹೊಸದರಲ್ಲಿ ಸ್ಟೂಲು ಹಾಕಿಕೊಂಡು ಹತ್ತಿ ನೋಡುತ್ತಿದ್ದಳು. ಈಗ ನಾನು ಎಡಕ್ಕೆ ಎಂದರೆ ಅವಳು ಸುಮ್ಮನೆ ಬಲಕ್ಕೆ ಹುಡುಕುತ್ತಾಳೆ, ಬೇಗ ಸಿಗುತ್ತದೆ. ಆ ಮಟ್ಟಿಗೆ ನಾನೂ ಸಂಸಾರಕ್ಕೆ ಉಪಯೋಗಿ.

ಇಂಥ ಗುಣ ಇಟ್ಟುಕೊಂಡು ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ ಎಂದರೆ ನೀವು ನಗಬಹುದು. ಪಾಠ ಮಾಡಿದ್ದಷ್ಟೇ ಅಲ್ಲ, ಕಲಬುರಗಿಯ ಹಳೆಯ ಕಟ್ಟಡಗಳ ಬಗ್ಗೆ ಒಂದು ಪುಟ್ಟ ಪುಸ್ತಕವನ್ನೂ ಬರೆದೆ. ಅದರಲ್ಲಿ ಎಲ್ಲರೂ ಮೆಚ್ಚಿದ ಅಧ್ಯಾಯ ಊರಿನ ಹಳೆಯ ಕಲ್ಲಿನ ಚರ್ಚಿನದು. ಅದರ ಕೊನೆಯ ಸಾಲುಗಳನ್ನು ಇಲ್ಲಿ ಕೊಡದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ, ಆದ್ದರಿಂದ ನಾಚಿಕೆ ಬಿಟ್ಟು ಕೊಡುತ್ತೇನೆ: "ಚರ್ಚಿನ ಬೆನ್ನಿಗೇ ಸ್ಮಶಾನ. ಹಿರಿಯ ಬೇವಿನ ಮರವೊಂದರ ದಟ್ಟ ನೆರಳಿನಲ್ಲಿ, ಪಾರಿವಾಳಗಳ ಗುಟುರು ಕೇಳುತ್ತ, ಮಡಿದವರು ತಣ್ಣಗೆ ಮಲಗಿದ್ದಾರೆ." ಇದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದಾಗ ಗಣಿತದ ಸಹೋದ್ಯೋಗಿಯೊಬ್ಬರು ನಿಟ್ಟುಸಿರು ಬಿಟ್ಟು, ಸತ್ತರೆ ಅಲ್ಲೇ ಮಲಗಬೇಕು ಅನ್ನಿಸುತ್ತದೆ ಎಂದರು. ಗಣಿತದವರಿಂದ ನಿಟ್ಟುಸಿರು ಹೊರಡಿಸುವುದು ಸಣ್ಣ ಮಾತಲ್ಲ. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಈ ಸಾಲುಗಳಲ್ಲಿ ಒಂದೇ ಒಂದು ಕೊರತೆ. ಚರ್ಚಿನ ಹಿಂದೆ ಸ್ಮಶಾನವಿಲ್ಲ. ಅಲ್ಲಿರುವುದು ಒಂದು ಓಣಿ, ಒಂದು ನೀರಿನ ಟಾಕಿ, ಸ್ಕೂಟರ್ ನಿಲ್ಲಿಸಲು ತಗಡಿನ ಶೆಡ್ಡು. ಸ್ಮಶಾನವಿರುವುದು ಬಸ್ಸಿನಲ್ಲಿ ಒಂದು ಗಂಟೆ ದೂರದ ಕಮಲಾಪುರದಲ್ಲಿ. ಬೇವಿನ ಮರ ಅಲ್ಲೂ ಇಲ್ಲ.

ಇಷ್ಟು ದೊಡ್ಡ ತಪ್ಪು ಹೇಗಾಯಿತು ಎಂದು ಕೇಳುತ್ತೀರಿ. ನೋಡದೆ ಬರೆದೆ ಎಂದು ನೀವು ತಿಳಿದರೆ ಅದು ಅನ್ಯಾಯ. ನಾನು ನೋಡಿ ಬರೆದೆ, ತಪ್ಪಾದದ್ದು ಅದರಿಂದಲೇ. ಹೊಸದಾಗಿ ನೌಕರಿ ಸೇರಿದಾಗ ಮೂರು ವರ್ಷ ಆ ಚರ್ಚಿನ ಎದುರಿಗೇ ಮಾಳಿಗೆಯ ಮೇಲೊಂದು ಬಾಡಿಗೆ ಕೋಣೆಯಲ್ಲಿದ್ದೆ. ಕಿಟಕಿ ತೆರೆದರೆ ಚರ್ಚು. ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆಯನ್ನು ಮುಂದಿನ ಬಾಗಿಲಿನಿಂದ ಒಳಗೆ ಒಯ್ಯುತ್ತಿದ್ದರು. ಹಾಡು, ಪ್ರಾರ್ಥನೆ. ಆಮೇಲೆ ಅದು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು, ಜನವೆಲ್ಲ ಅದರ ಹಿಂದೆ. ಬಹಳ ಹೊತ್ತು ಯಾರೂ ಮರಳುತ್ತಿರಲಿಲ್ಲ. ಮುಂದಿನಿಂದ ಹೋದದ್ದು ಹಿಂದೆ ಹೋಗಿ ಮರಳಲಿಲ್ಲ ಎಂದರೆ ಹಿಂದೆ ಸ್ಮಶಾನವಿದೆ ಎಂದೇ ಅರ್ಥವಲ್ಲವೇ? ಹಿಂದಿನ ಓಣಿಯಲ್ಲಿ ಲಾರಿಯೊಂದು ಕಾದು ನಿಂತಿರಬಹುದು, ಅದು ಕಮಲಾಪುರದ ದಾರಿ ಹಿಡಿಯಬಹುದು ಎಂಬುದು ಮಾಳಿಗೆಯಿಂದ ಕಾಣುವ ಸಂಗತಿಯಲ್ಲ. ರಸ್ತೆ ದಾಟಿದ್ದರೆ ಕಾಣುತ್ತಿತ್ತು. ಮೂರು ವರ್ಷದಲ್ಲಿ ನಾನು ರಸ್ತೆ ದಾಟಲಿಲ್ಲ. ಖಾನಾವಳಿ ನನ್ನ ಕಡೆಯ ಸಾಲಿನಲ್ಲೇ ಇತ್ತು.

ಬೇವಿನ ಮರ ಎಲ್ಲಿಂದ ಬಂತು ಎಂಬುದಕ್ಕೆ ನನ್ನ ಹತ್ತಿರ ಇನ್ನೂ ಘನವಾದ ಸಮರ್ಥನೆಯಿದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಎಂದೊಂದು ಕಟ್ಟಳೆ. ಕವಿಯಾದವನು ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಹೀಗೆ ಹದಿನೆಂಟನ್ನು ವರ್ಣಿಸಲೇಬೇಕು. ಅವನ ಕಥೆ ನಡೆಯುವ ಊರಿನಿಂದ ಸಮುದ್ರ ಎಷ್ಟು ದೂರ ಎಂದು ಯಾರೂ ಕೇಳುತ್ತಿರಲಿಲ್ಲ. ಬಟ್ಟಬಯಲಿನ ರಾಜಧಾನಿಯ ಸುತ್ತಲೂ ತಾವರೆಯ ಕೊಳ, ಹಂಸ, ಮಾವಿನ ತೋಪು ಎಲ್ಲವೂ ಬಂದು ಹಾಜರಿ ಹಾಕುತ್ತಿದ್ದವು. ನಾನೂ ಆ ಪರಂಪರೆಯವನೇ. ಚರ್ಚೆಂದರೆ ಎತ್ತರದ ಗೋಪುರ, ಹಿಂದೆ ಸ್ಮಶಾನ, ಸ್ಮಶಾನಕ್ಕೆ ಮರ, ಮರಕ್ಕೆ ಪಾರಿವಾಳ. ನಿಜವಾದ ಚರ್ಚಿಗೆ ಇರುವುದು ಗಿಡ್ಡನೆಯ ಗಂಟೆಗೂಡು, ಗೋಪುರವಲ್ಲ. ಹನ್ನೊಂದು ಮೆಟ್ಟಿಲು ಎಂದು ಬರೆದಿದ್ದೆ, ಇರುವುದು ಏಳು. ಹಡಗಿನಲ್ಲಿ ಬಂದ ಗಂಟೆ ಎಂದು ಬರೆದಿದ್ದೆ. ಅಲ್ಲಿ ತೂಗುಬಿಟ್ಟದ್ದು ರೈಲು ಹಳಿಯ ಒಂದು ತುಂಡು ಎಂದು ಆಮೇಲೆ ತಿಳಿಯಿತು. ನಾದ ಚೆನ್ನಾಗಿದೆ ಎಂದು ಬರೆದಿದ್ದೆನಲ್ಲ, ಅದೊಂದು ಸರಿ.

ಒಬ್ಬನ ತಪ್ಪು ಒಬ್ಬನ ಹತ್ತಿರವೇ ಉಳಿದಿದ್ದರೆ ಅಷ್ಟು ಹಾನಿಯಿರಲಿಲ್ಲ. ನನ್ನ ಬೇವಿನ ಮರ ಬಹಳ ಬೇಗ ಹಬ್ಬಿತು. ಒಂದು ಸ್ಮರಣ ಸಂಚಿಕೆಯವರು ಅದನ್ನು ಎತ್ತಿಕೊಂಡರು. ಒಂದು ಪ್ರವಾಸದ ಕೈಪಿಡಿಯಲ್ಲಿ ಅದು ಬೇವಿನ ಸಾಲಾಯಿತು. ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮರು ಅದರ ಕೆಳಗೆ ಕಲ್ಲಿನ ಬೆಂಚನ್ನೂ ಹಾಕಿಸಿದರು. ಎರಡನೇ ಮುದ್ರಣದ ಹೊತ್ತಿಗೆ ಪ್ರಕಾಶಕರು, ಆಧಾರಗಳನ್ನು ಕೊಡಿ, ಪುಸ್ತಕಕ್ಕೆ ತೂಕ ಬರುತ್ತದೆ ಎಂದರು. ಬೇವಿನ ಮರಕ್ಕೆ ಮೂರು ಆಧಾರ ಕೊಟ್ಟೆ. ಮೂರೂ ನನ್ನ ಮೊದಲ ಮುದ್ರಣದಿಂದ ನಕಲು ಮಾಡಿದವು ಎಂಬುದು ನನಗೆ ಹೊಳೆಯಲೇ ಇಲ್ಲ. ಇಷ್ಟು ಜನ ಒಬ್ಬರಿಗೊಬ್ಬರು ಗುರುತಿಲ್ಲದೆ ಒಂದೇ ಮಾತು ಹೇಳುತ್ತಿದ್ದಾರಲ್ಲ ಎಂದು ಸಂತೋಷವೇ ಆಗಿತ್ತು.

ಹೋದ ವರ್ಷ ಈಸ್ಟರಿಗೆ ಎರಡು ದಿನ ಮೊದಲು, ಖೂಬಾ ಪ್ಲಾಟಿನ ನಮ್ಮ ಮನೆಯ ಬಾಗಿಲಿಗೆ ಇಬ್ಬರು ಬಂದು ನಿಂತರು. ಒಬ್ಬರು ಸಮುವೇಲಪ್ಪ, ಆ ಚರ್ಚಿನ ಹಿರಿಯರು. ಪುಸ್ತಕ ಬಿಡುಗಡೆಯಾದಾಗ ಅವರಿಗೆ ಒಂದು ಪ್ರತಿ ಕೊಟ್ಟು ಶಾಲು ಹೊದಿಸಿಕೊಂಡಿದ್ದೆ. ಇನ್ನೊಬ್ಬರು ಐವತ್ತು ದಾಟಿದ ಹೆಂಗಸು, ಕೈಯಲ್ಲಿ ನನ್ನ ಪುಸ್ತಕ, ಕಣ್ಣು ಅತ್ತು ಕೆಂಪಾಗಿದ್ದವು. ಓದಿ ಅತ್ತಿರಬೇಕು ಎಂದುಕೊಂಡು ನಾನು ವಿನಯದಿಂದ ಮುಗುಳ್ನಕ್ಕೆ. ನನ್ನ ಬುದ್ಧಿ ಹೋಗುವುದೇ ಹಾಗೆ.

"ಸರ್, ಇವರು ಪ್ರೇಮಲತಾ ಸಿಸ್ಟರ್. ಸೊಲ್ಲಾಪುರದಾಗ ದವಾಖಾನಿ ನರ್ಸ್ ಇದ್ದಾರ" ಎಂದರು ಸಮುವೇಲಪ್ಪ. "ಇವರ ಆಯಿ ಸಮಾಧಿ ಹುಡಕ್ಕೋತ ಬಂದಾರ. ಚರ್ಚಿನ ಹಿಂದ ಹೋಗಿ ನೋಡ್ಯಾರ, ಸ್ಕೂಟರ್ ಶೆಡ್ ಅದ. ಸಮಾಧಿ ಎಲ್ಲಾ ಕಿತ್ತಿ ಒಗದು ಶೆಡ್ ಹಾಕೀರಿ ಅಂತ ಅಳಾಕತ್ತಾರ. ಇಲ್ರವ್ವಾ, ನಮ್ಮ ಸಮಾಧಿ ಜಾಗ ಮೊದಲಿಂದ್ಲೂ ಕಮಲಾಪುರದಾಗ ಅದ ಅಂತ ನಾ ಹೇಳಿದರ ನಂಬವಲ್ಲರು. ನೀವರೆ ಹೇಳ್ರಿ."

ಆಯಿ ಎಂದರೆ ಈ ಕಡೆ ಅಜ್ಜಿ. ಪ್ರೇಮಲತಾ ಪುಸ್ತಕ ತೆರೆದು ಆ ಪುಟ ತೋರಿಸಿದರು. ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. "ಛಾಪಿಸಿದ್ದು ಸುಳ್ಳಿರ್ತದೇನ್ರೀ ಸರ್? ನಮ್ಮವ್ವಗ ಎಂಬತ್ತು ದಾಟ್ಯಾವ, ಹಾಸಿಗಿ ಹಿಡದಾಳ. ಆಕಿ ಆರು ವರ್ಷದಾಕಿ ಇದ್ದಾಗ ಆಯಿ ಸತ್ತಾಳ. ಪೆಟ್ಟಿಗಿ ಹಿಂದಿನ ಬಾಗಲದಾಗ ಒಯ್ದದ್ದು ಆಕಿಗಿ ಇನ್ನಾ ನೆನಪದ. ಸಣ್ಣಾಕಿ ಅಂತ ಆಕಿಗಿ ಮುಂದ ಕರಕೊಂಡು ಹೋಗಿಲ್ಲ. ಆಮ್ಯಾಲ ನಮ್ಮ ಅಜ್ಜಗ ಸೊಲ್ಲಾಪುರ ಮಿಲ್ಲಿನಾಗ ಕೆಲಸ ಸಿಕ್ತು, ತಿರುಗಿ ಬರಲೇ ಇಲ್ಲ. ನಿಮ್ಮ ಪುಸ್ತಕ ಓದಿ ಹೇಳಿದಾಗಿಂದ ಅವ್ವಗ ಒಂದು ಸಮಾಧಾನ ಆಗ್ಯಾದ. ನಮ್ಮವ್ವ ನೆಳ್ಳಿನಾಗ ಮಲಗ್ಯಾಳ ಅಂತ ದಿನಾ ಹೇಳ್ತಾಳ. ಈ ಸಲ ಹೋಗಿ ಸುಣ್ಣಾ ಹಚ್ಚಿ ಬಾ ಅಂತ ಕಳಿಸ್ಯಾಳ. ಈಗ ಸ್ಕೂಟರ್ ನಿಂತಾವ ಅಂತ ನಾ ಆಕಿಗಿ ಹ್ಯಾಂಗ ಹೇಳಲಿ?"

ಇಲ್ಲಿ ಸಜ್ಜನನಾದವನು ಮಾಡಬೇಕಾದದ್ದು ಒಂದೇ. ತಪ್ಪಾಯಿತು ಎನ್ನಬೇಕು. ನಾನು ಏನು ಮಾಡಿದೆ ಗೊತ್ತೇ? ಕನ್ನಡಕ ತೆಗೆದು ಒರೆಸಿದೆ. ಗಂಟಲು ಸರಿಮಾಡಿಕೊಂಡೆ. ಆಮೇಲೆ, "ನೋಡ್ರಿ, ಬಹುಶಃ ಮೊದಲ ಹಿಂದೇ ಇದ್ದು, ಆಮ್ಯಾಲ ಕಮಲಾಪುರಕ್ಕ ಸ್ಥಳಾಂತರ ಆಗಿರಬಹುದು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಒಂದು ವಾಕ್ಯದಲ್ಲಿ ನನ್ನ ಪುಸ್ತಕವೂ ಉಳಿಯಿತು, ಸಮುವೇಲಪ್ಪನವರೂ ಉಳಿದರು ಎಂದು ನನ್ನ ಲೆಕ್ಕ.

ಪ್ರೇಮಲತಾ ಮುಖ ಬಿಳಿಚಿಕೊಂಡಿತು. "ಅಂದರ ಅಗದಾರ. ಎಲುಬು ಎಲ್ಲಿ ಒಗದಾರ?" ಎಂದರು ಮೆಲ್ಲಗೆ. ಸಮುವೇಲಪ್ಪ ನನ್ನನ್ನೇ ನೋಡುತ್ತಿದ್ದರು. ಎಪ್ಪತ್ತು ವರ್ಷ ಆ ಚರ್ಚಿನ ಕಸ ಗುಡಿಸಿ, ದೀಪ ಹಚ್ಚಿ ಬಾಳಿದ ಮನುಷ್ಯ. ಅವರ ಮೇಲೆ ನಾನು ಒಂದು ನಿಮಿಷದಲ್ಲಿ ಸತ್ತವರನ್ನು ಅಗೆದ ಆರೋಪ ಹೊರಿಸಿದ್ದೆ, ಅದೂ ನನ್ನ ಒಂದು ಬೇವಿನ ಮರ ಉಳಿಸಿಕೊಳ್ಳಲು. ಒಳಗಿನಿಂದ ಚಹಾ ತಂದ ನೀಲಮ್ಮ ಬಾಗಿಲಲ್ಲೇ ನಿಂತಿದ್ದಳು. ಬಲಕ್ಕೆ ಹುಡುಕುವ ಮುಖ ಅವಳದು.

"ನೀವು ಅಲ್ಲಿ ಹೋಗಿ ನೋಡಿದ್ರೇನು?" ಎಂದು ಕೇಳಿದಳು, ಅಷ್ಟೇ.

ನನಗೆ ಬಹಳ ನಾಚಿಕೆಯಾಯಿತು. ಇಲ್ಲ, ನೋಡಿಲ್ಲ, ಮಾಳಿಗೆಯ ಕಿಟಕಿಯಿಂದ ಕಂಡದ್ದನ್ನು ಬರೆದೆ, ಮರ ನನ್ನದೇ ಕಲ್ಪನೆ, ಸ್ಥಳಾಂತರ ಈಗ ತಾನೇ ಹುಟ್ಟಿದ್ದು ಎಂದು ಎಲ್ಲವನ್ನೂ ಹೇಳಿದೆ. ಹೇಳುವಾಗಲೇ ಒಂದು ವಿಷಯ ಹೊಳೆಯಿತು. ಪೆಟ್ಟಿಗೆ ಹಿಂದಿನ ಬಾಗಿಲಿನಿಂದ ಹೋಯಿತು, ಆದ್ದರಿಂದ ಅಮ್ಮ ಹಿಂದೆಯೇ ಇದ್ದಾಳೆ ಎಂದು ಆರು ವರ್ಷದ ಹುಡುಗಿ ತಿಳಿದದ್ದು ಸಹಜ. ಅದೇ ತಪ್ಪನ್ನು ನಾನು ಎಂ.ಎ. ಮುಗಿಸಿಕೊಂಡು ಮಾಡಿದ್ದೆ.

"ನೀವು ಕೊಟ್ಟ ಪುಸ್ತಕ ಗಾಜಿನ ಕಪಾಟಿನಾಗ ಇಟ್ಟೀವ್ರಿ" ಎಂದರು ಸಮುವೇಲಪ್ಪ ಕ್ಷಮೆ ಕೇಳುವ ಧ್ವನಿಯಲ್ಲಿ, ತಪ್ಪು ಅವರದೇ ಎನ್ನುವ ಹಾಗೆ. "ತಗದು ಓದಿದರ ಖರಾಬ್ ಆಗ್ತದ ಅಂತ ಯಾರೂ ಮುಟ್ಟಿಲ್ಲ."

ನನ್ನ ತಪ್ಪೊಪ್ಪಿಗೆಯಿಂದ ಪ್ರೇಮಲತಾ ಅವರಿಗೆ ಪೂರ್ತಿ ನಂಬಿಕೆ ಬಂತೆಂದು ಹೇಳಲಾರೆ. ಒಂದೇ ಬಾಯಿಯಿಂದ ಹತ್ತು ನಿಮಿಷದಲ್ಲಿ ಮೂರು ಇತಿಹಾಸ ಕೇಳಿದವರು ಯಾವುದನ್ನು ನಂಬಬೇಕು? ಮಾರನೆಯ ದಿನ ಶನಿವಾರ, ಸಭೆಯವರೆಲ್ಲ ಸಮಾಧಿಗಳಿಗೆ ಸುಣ್ಣ ಬಳಿಯುವ ದಿನ. ಕಣ್ಣಾರೆ ನೋಡುವ ಎಂದು ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ನನ್ನನ್ನು ಯಾರೂ ಕರೆದಿರಲಿಲ್ಲ. ನೀಲಮ್ಮ ಬುತ್ತಿ ಕಟ್ಟಿಕೊಟ್ಟು ಹೊರಗೆ ದೂಡಿದಳು.

ಬಸ್ಸಿನಲ್ಲಿ ಸಮುವೇಲಪ್ಪ ಕಾಲಿನ ನಡುವೆ ಸುಣ್ಣದ ಬಕೀಟು ಇಟ್ಟುಕೊಂಡು ಕೂತಿದ್ದರು. ಸಮಾಧಿ ಜಾಗ ಇಷ್ಟು ದೂರ ಯಾಕೆ ಎಂದು ಕೇಳಿದೆ. ಪುಸ್ತಕ ಬರೆಯುವ ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಎರಡು ಮುದ್ರಣ ಮುಗಿದ ಮೇಲೆ ಕೇಳಿದ್ದು ನಾನೊಬ್ಬನೇ ಇರಬೇಕು. ಮೊಟ್ಟಮೊದಲು ಸಭೆ ಸೇರಿದ ಮನೆತನಗಳು ಕಮಲಾಪುರದ ಆಸುಪಾಸಿನವಂತೆ. ಕೆಲಸ ಹುಡುಕಿ ಕಲಬುರಗಿಗೆ ಬಂದವರು, ಸತ್ತರೆ ಊರಿಗೇ ಒಯ್ಯುತ್ತಿದ್ದರು. ಚರ್ಚು ಆಮೇಲೆ ಕಟ್ಟಿದ್ದು. "ಮೊದಲ ಹೋದೋರು ಅಲ್ಲಿದ್ದಾರ. ಆಮ್ಯಾಲ ಹೋಗೋರಿಗಿ ಬ್ಯಾರೆ ಕಡಿ ಹ್ಯಾಂಗ ಇಡಬೇಕ್ರಿ, ಒಬ್ಬರೇ ಆಗ್ತಾರಲ್ಲ" ಎಂದರು. ನನ್ನ ಪುಸ್ತಕದ ಇಡೀ ಅಧ್ಯಾಯಕ್ಕಿಂತ ಈ ಮಾತು ಚೆನ್ನಾಗಿತ್ತು.

ಕಮಲಾಪುರ ಎಂದರೆ ನಮಗೆಲ್ಲ ಕೆಂಪು ಬಾಳೆಹಣ್ಣು. ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಬಳಿ ಒಂದು ಚಿಪ್ಪು ಕೊಂಡೆ. ಅಲ್ಲಿಯ ನೆಲವೂ ಕೆಂಪು. ನೆಲದ ಬಣ್ಣವೇ ಹಣ್ಣಿಗೆ ಹತ್ತಿರಬೇಕು ಎಂದು ಪ್ರೇಮಲತಾ ಅವರಿಗೆ ವಿವರಿಸಲು ಬಾಯಿ ತೆರೆದವನು, ಇದನ್ನೂ ನಾನು ಪರೀಕ್ಷಿಸಿಲ್ಲ ಎಂದು ನೆನಪಾಗಿ ಮುಚ್ಚಿದೆ. ಬಾಯಿ ಮುಚ್ಚಿದ ಆ ಕ್ಷಣವನ್ನು ನನ್ನ ಸಂಶೋಧನಾ ಜೀವನದ ಆರಂಭವೆಂದು ಎಣಿಸಿದ್ದೇನೆ.

ಸಮಾಧಿ ಜಾಗ ಊರ ಹೊರಗಿನ ದಿಬ್ಬದ ಮೇಲೆ. ಸುತ್ತ ಮೊಳಕಾಲೆತ್ತರದ ಕಲ್ಲಿನ ಗೋಡೆ, ಒಳಗೆ ಸಾಲು ಸಾಲು ಸಮಾಧಿ. ಮರ ಒಂದೂ ಇಲ್ಲ. ನಮ್ಮ ಕಡೆಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಆಗಲೇ ಬಂದ ಜನ ತಲೆಗೆ ಟವೆಲು ಸುತ್ತಿಕೊಂಡು ತಮ್ಮ ತಮ್ಮವರಿಗೆ ಸುಣ್ಣ ಬಳಿಯುತ್ತಿದ್ದರು. ಸಮುವೇಲಪ್ಪ ನೇರ ಮೂರನೆಯ ಸಾಲಿಗೆ ಹೋಗಿ, ಎಡಗಡೆಯ ಕೊನೆಯ ಸಮಾಧಿಯ ಮುಂದೆ ನಿಂತರು. "ನಮ್ಮ ದಫ್ತರದಾಗ ಬರದಾರ. ನಿಮ್ಮ ಆಯಿ ರೂತಮ್ಮ, ಮೂರನೇ ಸಾಲು, ಕಡೀದು. ಇದೇ ಅದ ನೋಡ್ರಿ."

ಅದರ ಕಲ್ಲಿನ ಮೇಲೆ ಹೆಸರಿರಲಿಲ್ಲ. ಬರೀ ಬೆಳ್ಳಗಿನ ಒಂದು ದಪ್ಪ ಗಡ್ಡೆ. ಪ್ರೇಮಲತಾ ನನ್ನ ಕಡೆ ನೋಡಿದರು. ಮತ್ತೊಂದು ಸುಳ್ಳೇ ಎಂದು ಆ ನೋಟದ ಅರ್ಥ. ಸಮುವೇಲಪ್ಪ ಕೂತು, ಬೀಗದ ಕೈಯಿಂದ ಕಲ್ಲನ್ನು ಕೆರೆಯತೊಡಗಿದರು. ಸುಣ್ಣ ಹೊಪ್ಪಳಿಕೆಯಾಗಿ ಉದುರಿತು. ಅದರ ಕೆಳಗೆ ಸುಣ್ಣ, ಅದರ ಕೆಳಗೂ ಸುಣ್ಣ.

"ಇಷ್ಟೊಂದು ಯಾರು ಹಚ್ಚ್ಯಾರ?" ಎಂದರು ಪ್ರೇಮಲತಾ. "ನಮ್ಮೋರು ಯಾರೂ ಇಲ್ಲಿ ಇಲ್ಲಲ್ರೀ."

"ನಾವೇ ರೀ. ಮನಿಯೋರು ಊರಾಗ ಇಲ್ಲದ ಸಮಾಧಿಗಿ, ಯಾರ ಬಕೀಟಿನಾಗ ಸುಣ್ಣಾ ಉಳದಿರ್ತದೋ ಅವರು ಹಚ್ಚಬೇಕು. ನಮ್ಮ ಅಪ್ಪನ ಕಾಲದಿಂದ ಹಂಗೇ ನಡದದ. ಇದಕ್ಕ ನಮ್ಮ ಮನಿಯೋರೇ ಹಚ್ಚತೀವಿ. ನಮ್ಮ ಅಪ್ಪಂದು ಬಾಜೂಕೇ ಅದ, ಹಿಂಗಾಗಿ."

ಎಷ್ಟೋ ವರ್ಷಗಳ ಸುಣ್ಣ ಅಕ್ಷರಗಳ ಹಳ್ಳವನ್ನೆಲ್ಲ ತುಂಬಿಬಿಟ್ಟಿತ್ತು. ಯಾರೂ ನೋಡಿಕೊಳ್ಳದೆ ಹೆಸರು ಅಳಿಸುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ನೋಡಿಕೊಂಡೂ ನೋಡಿಕೊಂಡೂ ಹೆಸರು ಮುಚ್ಚಿಹೋದದ್ದನ್ನು ಅಲ್ಲಿಯೇ ಮೊದಲು ನೋಡಿದ್ದು. ಪ್ರೇಮಲತಾ ಬೀಗದ ಕೈ ಇಸಿದುಕೊಂಡು ತಾವೇ ಕೆರೆದರು. ಕೊನೆಗೆ ಮೂರು ಅಕ್ಷರ ಹೊರಬಂದವು: ರೂತಮ್ಮ ಎಂಬ ಹೆಸರಿನ ರೂ, ತ, ಮ್ಮ. ಆಕೆ ಕಲ್ಲಿನ ಮೇಲೆ ಅಂಗೈ ಇಟ್ಟು ಜೋರಾಗಿ ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು. ಸುಣ್ಣದ ಪುಡಿ ಬಿತ್ತು ಎಂದು ಆಗ ಹೇಳಿದೆ. ಸುಣ್ಣವಲ್ಲ.

ಹೊಸ ಸುಣ್ಣ ಬಳಿದಾದ ಮೇಲೆ ಪ್ರೇಮಲತಾ ಸೊಲ್ಲಾಪುರಕ್ಕೆ ಫೋನು ಹಚ್ಚಿದರು. ತಾಯಿಗೆ ಕಿವಿ ಮಂದ, ಆದ್ದರಿಂದ ಎರಡೂ ಕಡೆಯ ಮಾತು ನಮಗೆಲ್ಲ ಕೇಳಿಸುತ್ತಿತ್ತು. ಸಿಕ್ಕಿತವ್ವಾ, ಹೆಸರು ಅದ, ಸುಣ್ಣಾ ಹಚ್ಚೀನಿ ಎಂದರು. ಅತ್ತ ಕಡೆಯಿಂದ ಮುದಿ ಧ್ವನಿ ಕೇಳಿತು:

"ಬೇವಿನ ಗಿಡ ಅದ ಏನವ್ವಾ? ನೆಳ್ಳು ಅದ?"

ನೆತ್ತಿ ಸುಡುವ ಬಿಸಿಲು. ಪ್ರೇಮಲತಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದರು, ಗಲ್ಲದಿಂದ ಬೆವರು ಇಳಿಯುತ್ತಿತ್ತು. ಅವರು ನನ್ನ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಅದ ಅವ್ವಾ" ಎಂದರು. "ಭಾಳ ತಂಪದ."

ಸಮುವೇಲಪ್ಪ ಬಕೀಟು ಎತ್ತಿಕೊಂಡು ಬೇರೆ ಸಾಲಿಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ನನ್ನ ಸುಳ್ಳುಗಳು ಇಷ್ಟು ದಿನ ಕಾಗದದ ಮೇಲಿದ್ದವು, ನಾನು ಆರಾಮಾಗಿದ್ದೆ. ಈಗ ಒಬ್ಬ ನೇರವಾದ ಹೆಂಗಸು, ರೋಗಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಬಾಳಿದವರು, ಸಮಾಧಿಯ ಮುಂದೆ ನಿಂತು ಹೆತ್ತ ತಾಯಿಗೆ ನನ್ನ ಸುಳ್ಳು ಹೇಳಬೇಕಾಯಿತು. ಪುಸ್ತಕದಲ್ಲಿ ತಿದ್ದುಪಡಿ ಹಾಕಬಹುದು, ಪ್ರಕಾಶಕರಿಗೆ ಬರೆಯಬಹುದು, ಬರೆದೂ ಬರೆದೆ. ಅದು ಸೊಲ್ಲಾಪುರದ ಹಾಸಿಗೆಯವರೆಗೆ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಹಾಗಾದರೆ ಉಳಿದದ್ದು ಒಂದೇ ದಾರಿ. ವಾಕ್ಯವನ್ನು ತಿದ್ದಲಾಗದಿದ್ದರೆ ನೆಲವನ್ನು ತಿದ್ದಬೇಕು.

ಮುಂದಿನ ವಾರ ಒಂದು ಬೇವಿನ ಸಸಿಯನ್ನು ಸಿಮೆಂಟ್ ಚೀಲದಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಅದನ್ನು ಮೇಕೆ ತಿಂದಿತು. ಎರಡನೆಯದನ್ನು ಬಿಸಿಲು ತಿಂದಿತು. ಬೇವು ಎಲ್ಲೆಂದರಲ್ಲಿ ತಾನಾಗಿ ಹುಟ್ಟುತ್ತದೆ ಎಂದು ನಾನೇ ಎಲ್ಲೋ ಬರೆದಿದ್ದೇನೆ. ಅದನ್ನೂ ಹಿಂತೆಗೆದುಕೊಳ್ಳುತ್ತೇನೆ. ಮೂರನೆಯದಕ್ಕೆ ಸಮುವೇಲಪ್ಪ ಜಾಲಿಯ ಮುಳ್ಳಿನ ಬೇಲಿ ಕಟ್ಟಿಕೊಟ್ಟರು, ಪಕ್ಕದ ಹೊಲದವರು ಕೊಡ ನೀರು ಹಾಕಲು ಒಪ್ಪಿದರು. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಪ್ರೇಮಲತಾ ಆಗಾಗ ಫೋನು ಮಾಡುತ್ತಾರೆ, ಅವ್ವ ಮರದ ಸುದ್ದಿ ಕೇಳುತ್ತಾಳಂತೆ. ಹೋದ ಸಲ, ಮೇಲೆ ಹೊಸ ಚಿಗುರು ಬಂದಿದೆ ಎಂದು ಹೇಳಿದೆ. ಎಷ್ಟು ಎಂದರು. ಎಣಿಸಿಕೊಂಡು ಬಂದಿದ್ದೆ, ಹೇಳಿದೆ. ಎಣಿಸಿ ಹೇಳುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ನೌಕರಿಯಲ್ಲಿದ್ದಾಗಲೇ ಮಾಡುತ್ತಿದ್ದೆ.

ಪಾರಿವಾಳಗಳ ಜವಾಬ್ದಾರಿಯನ್ನು ನಾನು ಹೊತ್ತಿಲ್ಲ. ಅವು ತಾವಾಗಿ ಬರಬೇಕು.

ಮೊನ್ನೆ ನೀಲಮ್ಮ ತಾನೂ ಬರುತ್ತೇನೆ ಎಂದಳು. ನಿವೃತ್ತ ಗಂಡ ಹದಿನೈದು ದಿನಕ್ಕೊಮ್ಮೆ ಪ್ಲಾಸ್ಟಿಕ್ ಕ್ಯಾನು ಹಿಡಿದು ಎಲ್ಲಿಗೆ ಹೋಗುತ್ತಾನೆ ಎಂದು ನೋಡುವ ಹಕ್ಕು ಅವಳಿಗಿದೆ. ದಿಬ್ಬ ಹತ್ತಿ ಗೋಡೆಯ ಹತ್ತಿರ ನಿಂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಎಲ್ಲದರೀ ನಿಮ್ಮ ಗಿಡ?" ಎಂದು ಕೇಳಿದಳು. ನನ್ನನ್ನು ಎಲ್ಲಿದೆ ಎಂದು ಅವಳು ಕೇಳಿ ಎಷ್ಟು ವರ್ಷವಾಗಿತ್ತೋ.

"ಮೂರನೇ ಸಾಲು, ಎಡಕ್ಕ, ಕಡೀ ಸಮಾಧಿ ಬಾಜೂಕ, ಮುಳ್ಳಿನ ಬೇಲಿ ಒಳಗ ಅದ ನೋಡು" ಎಂದೆ.

ಅವಳು ರೂಢಿಯಂತೆ ಬಲಕ್ಕೆ ತಿರುಗಿ ನಾಲ್ಕು ಹೆಜ್ಜೆ ಹೋದಳು. ಅಲ್ಲಿ ಏನೂ ಇರಲಿಲ್ಲ. ನಿಂತಳು, ನನ್ನ ಮುಖ ನೋಡಿದಳು. ಆಮೇಲೆ ಮರಳಿ ಎಡಕ್ಕೆ ಬಂದಳು. ಗಿಡ ಅವಳ ಮೊಳಕಾಲಿಗಿಂತ ಸ್ವಲ್ಪ ಮೇಲಿದೆ. ಅದರ ನೆರಳು ಅವಳ ಒಂದು ಪಾದದ ಮೇಲೆ ಬಿದ್ದಿತ್ತು, ಪೂರ್ತಿ ಪಾದವೂ ಅಲ್ಲ, ಬೆರಳುಗಳ ಮೇಲೆ. ಅವಳು ಬಹಳ ಹೊತ್ತು ಕಾಲು ತೆಗೆಯಲಿಲ್ಲ.